ಇಂಚು, ಸೆಂಟು

ಬೆಳಗ್ಗೆ ಎಂಟಕ್ಕೆ ಮಳೆಮಾಪಕದ ಮುಚ್ಚಳ ತೆಗೆದು
ಒಳಗಿನ ಬಾಟಲಿ ಬೆಳಕಿಗೆ ಹಿಡಿಯುವುದು,
ಇಷ್ಟು ಇಂಚು ಇಷ್ಟು ಸೆಂಟು ಅಂತ ರಿಜಿಸ್ಟರಿಗೆ ಏರಿಸುವುದು.
ಹತ್ತೊಂಬತ್ತು ವರ್ಷದಿಂದ ಇದೇ.
ತೋಟದಲ್ಲಿ ನನ್ನನ್ನು ಕರೆಯುವುದು ರೈಟರ್ ಅಂತ.
ಬರೆದದ್ದು ಬರೀ ಲೆಕ್ಕ:
ಆಳುಗಳ ಹಾಜರಿ, ಮೆಣಸಿನ ತೂಕ,
ಆನೆ ಮುರಿದ ಬೇಲಿಯ ಕಂಬ.

ಫೆಬ್ರವರಿಯ ಅಂಕಣ ತುಂಬ ಸೊನ್ನೆ.
ಆ ತಿಂಗಳೇ ನಾನು ಮೀಸೆ ಕತ್ತರಿಸುವುದು ಬಿಟ್ಟೆ,
ಆಮೇಲೆ ಸ್ನಾನ,
ಆಮೇಲೆ ಮಾತು.
ನನ್ನ ಅಕ್ಷರ ಸಾಸಿವೆಯಷ್ಟಾಯಿತು.
ಎರಡು ಪೆಗ್ಗು ಹಾಕು, ನಿದ್ದೆ ಬರುತ್ತೆ ಅಂದ ಬಾವ.
ಅತ್ತೆ ಕೋಳಿ ಹರಕೆ ಹೊತ್ತರು.
ಗಂಡಸಲ್ಲವೇನಯ್ಯ ಅಂತ ಸಾಹುಕಾರರು ಎರಡು ದಿನ ರಜೆ ಕೊಟ್ಟರು.
ಕೋಳಿಯೂ ಹೋಯಿತು, ರಜೆಯೂ ಹೋಯಿತು,
ನಾನು ಹೋದಲ್ಲೇ ಇದ್ದೆ.

ಅಮ್ಮತ್ತಿ ದಾಟಿ ವಿರಾಜಪೇಟೆಗೆ ಬಸ್ಸು.
ಆಸ್ಪತ್ರೆಯ ಎಕ್ಸ್‌ರೇ ಕೋಣೆ ಪಕ್ಕ ಹದಿನೇಳನೇ ಬಾಗಿಲು,
ಯಶಿಕಾ ದೇಚಮ್ಮ ಎಂದು ಬೋರ್ಡು, ನನ್ನ ಮಗಳ ವಯಸ್ಸು.
ಒಂದು ಹಾಳೆ, ಒಂಬತ್ತು ಪ್ರಶ್ನೆ.
ಹದಿನೈದು ದಿನದಲ್ಲಿ ಎಷ್ಟು ದಿನ ಹೀಗೆ, ಎಷ್ಟು ದಿನ ಹಾಗೆ?
ಒಂಬತ್ತನೆಯದು ಕೇಳುವಾಗ ಪೆನ್ನು ಕೆಳಗಿಟ್ಟಳು.
ಇಷ್ಟು ನೇರ ಯಾರೂ ಕೇಳಿರಲಿಲ್ಲ.
ಕೆಲವು ದಿನ, ಅಂದೆ.
ಕಿಟಕಿಯಾಚೆ ಆಂಬುಲೆನ್ಸಿನವ ಟೈರಿಗೆ ನೀರು ಹೊಯ್ಯುತ್ತಿದ್ದ.
ಕೂಡಿಸಿ ಹೇಳಿದಳು: ಇಪ್ಪತ್ತೊಂದು.

ನಕ್ಕೆ, ಸಿಟ್ಟಿನ ನಗು.
ಸಂಕಟಕ್ಕೂ ಅಳತೆಯೇನಮ್ಮ, ಇದು ರೋಬಸ್ಟಾ ಮೂಟೆಯೇ?
ಮಳೆ ಅಳೆಯುತ್ತೀರಲ್ಲ ಸಾರ್, ಅಳೆದರೆ ಜಾಸ್ತಿ ಬರುತ್ತಾ?
ಇಲ್ಲ. ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು, ಅದು ಗೊತ್ತಾಗುತ್ತೆ.
ಅಂದವನೇ ನಾಲಿಗೆ ಕಚ್ಚಿಕೊಂಡೆ.

ಡಾಕ್ಟರು ಬಿಳಿ ಮಾತ್ರೆ ಬರೆದರು.
ಇವಳು ಗೀಟು ಹಾಕಿದ ಪುಸ್ತಕ ಕೊಟ್ಟಳು:
ಏನು ಮಾಡಿದಿರಿ, ಹಿತ ಎಷ್ಟು, ಹತ್ತಕ್ಕೆ.
ಮನಸ್ಸು ಬರಲಿ ಅಂತ ಕಾಯಬೇಡಿ,
ಕೈ ಮೊದಲು ಹೋಗಲಿ, ಮನಸ್ಸು ಹಿಂದಿನ ಬಸ್ಸಿಗೆ ಬರುತ್ತೆ.
ಇದು ನನ್ನ ಮಾತಲ್ಲ,
ಸಾವಿರಾರು ಜನರಿಗೆ ಕೊಟ್ಟು, ಕೊಡದವರ ಜೊತೆ ಹೋಲಿಸಿ ಬರೆದಿಟ್ಟದ್ದು.
ನಿಮಗೆ ಆಗದಿದ್ದರೆ ಹಾಳೆಯೇ ಹೇಳುತ್ತೆ, ಬದಲಾಯಿಸೋಣ.

ಆಗದಿದ್ದರೆ.
ನಾನು ನಂಬಿದ್ದು ಆ ಒಂದು ಮಾತಿಗೆ.
ಕೋಳಿ ಹಾಗೆ ಹೇಳಿರಲಿಲ್ಲ.

ಸೋಮವಾರ. ಮೀಸೆ. ಒಂದು.
ಮಂಗಳವಾರ. ಲೈನ್‌ಮನೆಯ ಚೋಮಿಯ ಮೊಮ್ಮಗನ
ಸೈಕಲ್ ಚೈನು ಹಾಕಿಕೊಟ್ಟೆ. ಮೂರು.
ಬುಧವಾರ. ಏನೂ ಇಲ್ಲ.
ಗುರುವಾರ. ಏನೂ ಇಲ್ಲ.
ಭಾನುವಾರ. ಸಿದ್ದಾಪುರ ಸಂತೆ.
ಒಣಮೀನಿಗೆ ಚೌಕಾಶಿ ಮಾಡಿ ಸೋತೆ. ನಾಲ್ಕು.

ನಾಲ್ಕು ವಾರಕ್ಕೆ ಹಾಳೆ: ಇಪ್ಪತ್ತು.
ಇಳಿದದ್ದು ಒಂದು.
ಸಮಾಧಾನ ಹೇಳಲಿಲ್ಲ ಅವಳು, ದೇವರಿದ್ದಾನೆ ಅನ್ನಲಿಲ್ಲ.
ಡಾಕ್ಟರನ್ನು ಕರೆದು ಮಾತ್ರೆ ಏರಿಸಿದಳು,
ನನ್ನ ಪುಸ್ತಕ ತಿರುವಿ
ದಿನದಿನವೂ ಸಂಜೆ ಆರರ ಮೇಲೆ ಖಾಲಿ ಬಿದ್ದ ಜಾಗಕ್ಕೆ ಬೆರಳಿಟ್ಟಳು:
ನೀರು ಇಲ್ಲಿ ನಿಲ್ಲುತ್ತಿದೆ, ನೋಡಿ.

ಮಾರ್ಚ್ ಇಪ್ಪತ್ತೆಂಟು, ಹೂಮಳೆ. ಒಂದು ಇಂಚು ಹನ್ನೆರಡು ಸೆಂಟು.
ಒಂಬತ್ತನೇ ದಿನಕ್ಕೆ ಇಡೀ ತೋಟ ಬೆಳ್ಳಗೆ.
ಎಲ್ಲರೂ ಫೋಟೋ ತೆಗೆದರು.
ನನಗೆ ಪರಿಮಳ ಹತ್ತಲಿಲ್ಲ.
ಸುಳ್ಳು ಬರೆದು ಅಭ್ಯಾಸವಿಲ್ಲ.
ಬರೆದೆ: ಹೂ ನೋಡಿದೆ. ಎರಡು.

ಸಂಜೆ ಆರಕ್ಕೆ ಈಗ ಅಂಗಳದಲ್ಲಿ ವಾಲಿಬಾಲ್.
ನಾನು ಆಡುವುದಿಲ್ಲ, ಸ್ಕೋರು ಬರೆಯುತ್ತೇನೆ,
ಜಗಳವಾದರೆ ನನ್ನ ಮಾತೇ ಕೊನೆ.
ಹದಿನೇಳು. ಹದಿನಾಲ್ಕು. ಮತ್ತೆ ಹದಿನಾರು,
ಅದು ಬಾವನ ಮಗಳ ಮದುವೆಯ ವಾರ.
ಜೂನಿಗೆ ಒಂಬತ್ತು.
ಕೊನೆಯ ಪ್ರಶ್ನೆಗೆ ಸೊನ್ನೆ.
ಹತ್ತೊಂಬತ್ತು ವರ್ಷ ಸೊನ್ನೆ ಬರೆದವನಿಗೆ
ಇಂಥ ಸೊನ್ನೆ ಗೊತ್ತಿರಲಿಲ್ಲ.

ಇವತ್ತು ಬೆಳಗ್ಗೆ ಎರಡು ಇಂಚು ನಲವತ್ತು ಸೆಂಟು.
ಬಾಟಲಿಯ ಕತ್ತಿನಲ್ಲಿ ಒಂದು ಕರಿಯ ಚುಕ್ಕೆ,
ಒದ್ದೆಯಾಗಿ, ಕಾಲಾಡಿಸುತ್ತಾ.
ಗರಿಕೆ ಕೊಟ್ಟೆ, ಹತ್ತಿ ಬಂತು.
ಮಳೆಯ ರಿಜಿಸ್ಟರಿನಲ್ಲಿ ಅದಕ್ಕೆ ಅಂಕಣವಿಲ್ಲ.
ಕೊನೆಯಲ್ಲಿ ಷರಾ ಅಂತ ಒಂದಿದೆ, ಈವರೆಗೆ ತುಂಬಿದವನಲ್ಲ.
ಅಲ್ಲಿ ಬರೆದೆ, ದಪ್ಪಕ್ಷರದಲ್ಲಿ:
ಇರುವೆ.